ಸರ್ವೇ ಸಾಹೇಬರ ಧೂಮಕೇತು

ಜೇವರ್ಗಿಯಲ್ಲಿ ಬಸವಂತರಾಯರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವರು ಸರ್ವೇ ಸಾಹೇಬರು. ಮೂವತ್ತೊಂದು ವರ್ಷ ಭೂಮಾಪನ ಇಲಾಖೆಯಲ್ಲಿ ದುಡಿದು, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಹೊಲಗಳ ಹದ್ದು ಅಳೆದು ನಿವೃತ್ತರಾಗುವ ಹೊತ್ತಿಗೆ, ಮನುಷ್ಯರ ಬಗ್ಗೆ ಅವರಲ್ಲಿ ಉಳಿದಿದ್ದ ಗೌರವ ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟಿತ್ತು. ಅಪ್ಪನ ಗದ್ದುಗೆ ಮುಟ್ಟಿ ಆಣೆ ಮಾಡಿದವನೇ ಮರುದಿನ ಬೆಳಿಗ್ಗೆ ಗಡಿಕಲ್ಲನ್ನು ಎರಡು ಮೊಳ ಆಚೆ ನೂಕಿದ್ದನ್ನು ಅವರು ಕಂಡಿದ್ದರು. ಒಂದು ಬೇವಿನ ಮರದ ನೆರಳು ಯಾರ ಹೊಲಕ್ಕೆ ಸೇರಬೇಕು ಎಂದು ಹದಿನಾಲ್ಕು ವರ್ಷ ಕೋರ್ಟಿಗೆ ಅಲೆದ ಅಣ್ಣತಮ್ಮಂದಿರನ್ನೂ ಕಂಡಿದ್ದರು. ಆ ಮರ ಹದಿಮೂರನೆಯ ವರ್ಷ ಒಣಗಿ ಬಿದ್ದಿತ್ತು.

ತಮ್ಮನ್ನು ಮೂರು ಸಲ ವರ್ಗ ಮಾಡಿದ್ದು ತಮ್ಮ ಪ್ರಾಮಾಣಿಕತೆಗೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಹೆಂಡತಿ ಗೌರಾಬಾಯಿ ಒಳಗಿಂದಲೇ ಅದನ್ನು ತಿದ್ದುತ್ತಿದ್ದಳು.

"ಪ್ರಾಮಾಣಿಕತೆ ಎಲ್ಲಿಂದ ಬಂತ್ರಿ. ತಹಶೀಲ್ದಾರ್ ಸಾಹೇಬ್ರಿಗೆ ಎಲ್ಲಾರ ಮುಂದ, ನಿಮಗ ನಕ್ಷಾ ತಲಿಕೆಳಗ ಹಿಡದ್ರೂ ಗೊತ್ತಾಗಂಗಿಲ್ಲ ಅಂದಿದ್ರಿ. ಅದಕ್ಕ ಆಳಂದಕ್ಕ ಒಗದ್ರು."

"ಗೊತ್ತಾಗ್ತಿದ್ದಿಲ್ಲ ಖರೇನ," ಎನ್ನುತ್ತಿದ್ದರು ಅವರು.

ನಿವೃತ್ತಿಯ ಮೇಲೆ ಇಂಥ ಮನುಷ್ಯ ಮಠದ ಕಮಿಟಿಗೆ ಸೇರಿದರೆ ಕಮಿಟಿ ಒಡೆಯುತ್ತಿತ್ತು, ರಾಜಕೀಯಕ್ಕೆ ಇಳಿದರೆ ಠೇವಣಿ ಹೋಗುತ್ತಿತ್ತು. ಅದೃಷ್ಟಕ್ಕೆ ಅವರು ಧೂಮಕೇತುಗಳ ಕಡೆ ಹೋದರು. ಸೂರ್ಯನನ್ನೇ ಹಗಲೂ ರಾತ್ರಿ ನೋಡುತ್ತಾ ಕೂತ ಒಂದು ಉಪಗ್ರಹ ಆಕಾಶದಲ್ಲಿದೆ. ಅದು ಸೂರ್ಯನ ಮುಖಕ್ಕೆ ಸಣ್ಣ ತಟ್ಟೆಯೊಂದನ್ನು ಅಡ್ಡ ಹಿಡಿದು, ಸುತ್ತಲಿನ ಬಯಲಿನ ಚಿತ್ರವನ್ನು ಕೆಲವು ನಿಮಿಷಕ್ಕೊಮ್ಮೆ ತೆಗೆದು ಕಳಿಸುತ್ತದೆ. ಆ ಚಿತ್ರಗಳು ಅಂತರ್ಜಾಲದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಸೂರ್ಯನ ಮೈಗೆ ಒರೆಸಿಕೊಂಡಂತೆ ಹಾದುಹೋಗಲು ಬರುವ ಧೂಮಕೇತುಗಳು ಅವುಗಳಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತವೆ, ಬಹುಪಾಲು ಅಲ್ಲೇ ಕರಗಿ ಹೋಗುತ್ತವೆ. ಹಿಂದೆ ಎಂದೋ ಒಂದು ದೊಡ್ಡ ಧೂಮಕೇತು ಒಡೆದು ಆದ ಚೂರುಗಳು ಅವು. ಒಂದೇ ಬಳಗ, ಹೆಚ್ಚುಕಡಿಮೆ ಒಂದೇ ದಾರಿ. ಚುಕ್ಕೆ ಯಾವ ನಕ್ಷತ್ರದಿಂದ ಎಷ್ಟು ದೂರದಲ್ಲಿದೆ ಎಂದು ಚಿತ್ರದಿಂದ ಚಿತ್ರಕ್ಕೆ ಅಳೆದರೆ ದಾರಿ ಗೊತ್ತಾಗುತ್ತದೆ. ಪಕ್ಕದ ನಕ್ಷತ್ರಕ್ಕೆ ಹೋಲಿಸಿದರೆ ಹೊಳಪು ಗೊತ್ತಾಗುತ್ತದೆ. ಬಸವಂತರಾಯರಿಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದೆಂದರೆ, ಈ ಹದ್ದನ್ನು ಆಚೆ ಈಚೆ ಸರಿಸಿ ಎಂದು ಕೋಳಿ ಹಿಡಿದು ಮನೆಗೆ ಬರುವವರು ಯಾರೂ ಇರಲಿಲ್ಲ.

ಮನೆಯ ಕಂಪ್ಯೂಟರಿನ ಪರದೆ ಸಣ್ಣದು. ಹಾಗಾಗಿ ಅವರು ಅಳತೆಗೆ ಬಸ್‌ಸ್ಟ್ಯಾಂಡ್ ರಸ್ತೆಯ ಅಜರುದ್ದೀನನ ಫೋಟೊ ಸ್ಟುಡಿಯೊಕ್ಕೆ ಹೋಗಿ ಕೂಡುತ್ತಿದ್ದರು. ಅಜರುದ್ದೀನ ಐವತ್ತು ದಾಟಿದವನು. ಮೂವತ್ತು ವರ್ಷ ಮದುಮಕ್ಕಳ ಮುಖ ಬೆಳ್ಳಗೆ ಮಾಡಿ ಮಾಡಿ, ಬೆಳಕಿನ ಚುಕ್ಕೆಯನ್ನು ಕಂಪ್ಯೂಟರಿನಲ್ಲಿ ಹೇಗೆ ಎಣಿಸಬೇಕು ಎಂಬುದು ಆತನಿಗೆ ಬೆರಳ ತುದಿಯಲ್ಲಿತ್ತು. ಸಾಹೇಬರಿಗೆ ಅದನ್ನು ಕಲಿಸಿದವನು ಅವನೇ. ಹೊಳಪಿನ ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು ಎಂಬ ಖಗೋಳದವರ ಪದ್ಧತಿ ಮಾತ್ರ ಅವನಿಗೆ ಕೊನೆಗೂ ಒಗ್ಗಲಿಲ್ಲ. ಗೌರಾಬಾಯಿಗೆ ಒಗ್ಗಿತು. "ನಿಮ್ಮ ಇಲಾಖೆ ಲೆಕ್ಕ ಇದ್ದಂಗ ಅದ," ಎಂದಳು.

ಊರಿನವರಿಗೆ ಇದೆಲ್ಲ ಹುಚ್ಚು. ಅದಕ್ಕೆ ಪಗಾರ ಎಷ್ಟು ಎಂದು ಮೊದಲು ಕೇಳುತ್ತಿದ್ದರು. ಏನೂ ಇಲ್ಲ ಎಂದಾಗ ಕರುಣೆಯಿಂದ ನೋಡುತ್ತಿದ್ದರು. ಸಾಹೇಬರೂ ಅವರನ್ನು ಅಷ್ಟೇ ಕರುಣೆಯಿಂದ ನೋಡುತ್ತಿದ್ದರು.

ಎರಡು ಸಾವಿರದ ಇಪ್ಪತ್ತನಾಲ್ಕರ ಸೆಪ್ಟೆಂಬರ್ ಕೊನೆಗೆ ಹವಾಯಿ ದ್ವೀಪದ ದೂರದರ್ಶಕವೊಂದು ಅದೇ ಬಳಗದ ಹೊಸ ಧೂಮಕೇತುವನ್ನು ಕಂಡಿತು. ಸೂರ್ಯನನ್ನು ತಲುಪಲು ಇನ್ನೂ ತಿಂಗಳಿರುವಾಗಲೇ ಕಂಡಿತೆಂದರೆ ಇದು ಚುಕ್ಕೆಯಲ್ಲ, ದೊಡ್ಡದು. ಅಕ್ಟೋಬರ್ ಇಪ್ಪತ್ತೆಂಟಕ್ಕೆ ಅದು ಸೂರ್ಯನ ಅತಿ ಸಮೀಪ ಹಾಯಬೇಕು. ದೀಪಾವಳಿಗೆ ಸರಿಯಾಗಿ ಮೂರು ದಿನ ಮೊದಲು. ಜಗತ್ತಿನ ಬಲ್ಲವರೆಲ್ಲ ಬದುಕಿದರೆ ಹೊಳೆಯಬಹುದು, ಉಳಿಯುತ್ತದೋ ಇಲ್ಲವೋ ಎಂದು ಅಳೆದು ತೂಗಿ ಬರೆದರು. ಬಸವಂತರಾಯರಿಗೆ ಆ ಎಚ್ಚರಿಕೆ ಹೇಡಿತನದಂತೆ ಕಂಡಿತು. ಅವರು ಎರಡು ರಾತ್ರಿಯ ಅಂಕಿ ಹಿಡಿದು, ಅಂಚುಪಟ್ಟಿ ಇಟ್ಟು, ಗೆರೆಯನ್ನು ತಿಂಗಳ ಕೊನೆಯವರೆಗೆ ಎಳೆದುಬಿಟ್ಟರು. ಎರಡು ಗಡಿಕಲ್ಲು ನೋಡಿ ಇಡೀ ಊರಿನ ನಕ್ಷೆ ಬರೆದವನನ್ನು ಸೇವೆಯಲ್ಲಿದ್ದಾಗ ಅವರೇ ಕಚೇರಿಯಿಂದ ಓಡಿಸುತ್ತಿದ್ದರು.

ಅದೇ ವಾರ ಗೌರಾಬಾಯಿಯ ತಮ್ಮ ಜಗದೇವ ಅಕ್ಕನನ್ನು ನೋಡಲು ಬಂದ. ಗಾಣಗಾಪುರದಲ್ಲಿ ಅವನದೊಂದು ಲಾಡ್ಜು. ಗುರುವಾರ, ಹುಣ್ಣಿಮೆಗೆ ಕೋಣೆಗಳು ತುಂಬುತ್ತಿದ್ದವು. ಉಳಿದ ದಿನ ಖಾಲಿ, ಮತ್ತು ಕೋಣೆ ಖಾಲಿಯಿದ್ದಾಗೆಲ್ಲ ಜಗದೇವನಲ್ಲಿ ಭಕ್ತಿ ಉಕ್ಕುತ್ತಿತ್ತು. ಭಾವನ ಗೆರೆಯನ್ನು ನೋಡಿ ಅವನು ಕೇಳಿದ.

"ಇದು ನಮಗ ಕಾಣ್ತದೇನ್ರಿ ಮಾಮಾ?"

"ಕಾಣ್ತದೇನು ಅಂದ್ರ? ಹಗಲಾಗ, ಸೂರ್ಯನ ಬಾಜೂಕ, ಬರಿಗಣ್ಣಿಗೆ ಕಾಣ್ತದ. ಬೇಕಾದ್ರ ಬರಕೋ."

ಜಗದೇವ ನಿಜವಾಗಿಯೂ ಬರೆದುಕೊಂಡ. ಹದಿನೈದು ದಿನದಲ್ಲಿ ಅದು ಅಫಜಲಪುರದಿಂದ ಕಲಬುರಗಿಯವರೆಗೆ ಫ್ಲೆಕ್ಸ್ ಆಗಿ ನೇತಾಡಿತು. ಧೂಮಕೇತು ದರ್ಶನ, ಧೂಮಕೇತು ಶಾಂತಿ, ವಸತಿ ಮತ್ತು ಪ್ರಸಾದ ಸಹಿತ. ಮೇಲ್ಗಡೆ ದೂರದ ಟೀವಿ ವಾಹಿನಿಯ ಜ್ಯೋತಿಷಿಯೊಬ್ಬನ ಚಿತ್ರ, ಕೈ ಎತ್ತಿ ಹರಸುವ ಭಂಗಿ. ಕೆಳಗೆ ಒಂದು ಮೂಲೆಯಲ್ಲಿ, ಅಜರುದ್ದೀನನೇ ಹಿಂದೊಮ್ಮೆ ಪಾಸ್‌ಪೋರ್ಟಿಗೆ ತೆಗೆದಿದ್ದ ಬಸವಂತರಾಯರ ಫೋಟೊ. ಅದರಡಿ, ‘ಖ್ಯಾತ ಖಗೋಳ ವಿಜ್ಞಾನಿಗಳ ನಿಖರ ಗಣಿತದಂತೆ’.

ಕೋಪದಿಂದ ಮೈ ಉರಿಯಬೇಕಿತ್ತು. ಉರಿಯಿತು ಕೂಡ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಆ ಫ್ಲೆಕ್ಸ್ ಮುಂದೆ ಅವರು ಎರಡು ಸಲ ನಿಂತಿದ್ದನ್ನು ಅಜರುದ್ದೀನ ತನ್ನ ಅಂಗಡಿಯಿಂದ ನೋಡಿದ್ದ.

ದಸರೆಯ ಹೊತ್ತಿಗೆ ಇನ್ನೊಂದು ತೊಡಕು ಸೇರಿತು. ಬೇರೆಯೇ ಒಂದು ಧೂಮಕೇತು ಸಂಜೆಯ ಪಡುವಣ ಆಕಾಶದಲ್ಲಿ ಬಾಲ ಸಮೇತ ಕಾಣಿಸಿಕೊಂಡಿತು. ಜನ ಮಾಳಿಗೆ ಹತ್ತಿ ನೋಡಿದರು, ಮೊಬೈಲಿನಲ್ಲಿ ಹಿಡಿದರು. ಇದು ಅದಲ್ಲ ಎಂದು ಸಾಹೇಬರು ಹೇಳಿದರೆ, ಇದು ತಮ್ಮ, ಹಿಂದೆ ಅಣ್ಣ ಬರ್ತಾನ ಎಂದು ಜಗದೇವ ಭಕ್ತರಿಗೆ ಹೇಳಿದ. ಕೋಣೆಗಳೆಲ್ಲ ಮುಂಗಡ ತುಂಬಿದವು.

ಅದೇ ದಿನಗಳಲ್ಲಿ ಸಾಹೇಬರ ಕಾಗದದ ಮೇಲಿನ ಗೆರೆ ಬಾಗತೊಡಗಿತು. ದಕ್ಷಿಣ ಗೋಳದ ದೇಶಗಳಲ್ಲಿ ನಸುಕಿಗೆ ಎದ್ದು ಅದನ್ನು ಹಿಡಿಯುತ್ತಿದ್ದವರು ಹಾಕುವ ಚಿತ್ರಗಳನ್ನು ಅವರು ದಿನವೂ ಅಳೆಯುತ್ತಿದ್ದರು. ಸೂರ್ಯನ ಹತ್ತಿರ ಬಂದಂತೆ ಧೂಮಕೇತು ಹೊಳೆಯಬೇಕು. ಇದು ತಿಂಗಳ ಮೊದಲಿಗೆ ಒಮ್ಮೆ ಭುಗಿಲೆದ್ದಿತ್ತು, ಆಮೇಲೆ ಮಂಕಾಗುತ್ತಾ ಬಂತು. ತಲೆಯ ಚುಕ್ಕೆ ದುಂಡಗಿರದೆ ಬೂದಿ ಒರೆಸಿದಂತೆ ಉದ್ದವಾಯಿತು. ಅಕ್ಟೋಬರ್ ಹದಿನಾರಕ್ಕೆ ಅವರಿಗೆ ಅನುಮಾನ ಉಳಿಯಲಿಲ್ಲ. ಅದು ಒಡೆಯುತ್ತಿತ್ತು. ಹಗಲಲ್ಲಿ ಕಾಣುವುದಿರಲಿ, ಸೂರ್ಯನನ್ನು ದಾಟುವುದೂ ಕಷ್ಟ.

ಹದಿನಾರರಿಂದ ಇಪ್ಪತ್ತಮೂರರವರೆಗೆ ಎಂಟು ದಿನ ಅವರು ಯಾರಿಗೂ ತುಟಿ ಬಿಚ್ಚಲಿಲ್ಲ. ಅಂಕಿ ಇನ್ನೊಮ್ಮೆ ನೋಡಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ನೋಡಿದರು. ಮತ್ತೂ ನೋಡಿದರು. ನಿಜ ಸಂಗತಿ ಬೇರೆ. ನಲವತ್ತು ವರ್ಷ ಮಂಕು ಎಂದು ತಾವು ತಿಳಿದ ಜಗದೇವನ ಎದುರು ನಿಂತು, ನಾನು ತಪ್ಪಿದೆ ಎನ್ನಬೇಕಿತ್ತು. ಅದರ ಬದಲು ಧೂಮಕೇತುವೇ ಮನಸ್ಸು ಬದಲಿಸಲಿ ಎಂದು ಅವರು ಕಾದರು. ಇಂಥ ಹರಕೆಯನ್ನು ಬೇರೆ ಯಾರಾದರೂ ಹೊತ್ತಿದ್ದರೆ ಅವರು ಒಂದು ವಾರ ನಗುತ್ತಿದ್ದರು.

ಕೊನೆಗೆ ಗೌರಾಬಾಯಿಯೇ ಅವರನ್ನು ಎಬ್ಬಿಸಿದಳು. ಕಾಗದದ ಮೇಲಿನ ಬಾಗಿದ ಗೆರೆ ಓದಲು ಅವಳಿಗೆ ಖಗೋಳ ಬೇಕಿರಲಿಲ್ಲ.

"ಇದು ಕೆಳಗ ಹೊಂಟದಲ್ಲ. ಜಗದೇವಗ ಹೇಳೀರೇನು?"

"ಹೇಳ್ತೇನಿ."

"ನಾಳೆ ಗುರುವಾರ. ಮಂದಿ ಕೂಡ್ತಾರ. ಹೋಗಿ ಹೇಳಿ ಬರ್ರಿ. ನೀವು ಹೋಗಂಗಿಲ್ಲಾಂದ್ರ ನಾ ಹೋಗ್ತೇನಿ, ನನ್ನ ಗಂಡಗ ಲೆಕ್ಕ ಬರಂಗಿಲ್ಲಂತ ಹೇಳ್ತೇನಿ."

ಇಪ್ಪತ್ತನಾಲ್ಕರ ಬೆಳಿಗ್ಗೆ ಅವರು ಬಸ್ಸು ಹತ್ತಿದರು.

ಲಾಡ್ಜಿನ ಊಟದ ಹಾಲಿನಲ್ಲಿ ಇನ್ನೂರು ಜನ ಕೂತಿದ್ದರು. ಗುಡಿಯ ಪೂಜಾರಿಗಳಿಗೂ ಇದಕ್ಕೂ ಸಂಬಂಧವಿರಲಿಲ್ಲ. ಅವರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿದ್ದರು. ಇಲ್ಲಿ ಇದ್ದದ್ದು ಟೀವಿಯ ಜ್ಯೋತಿಷಿ. ಎದೆಗೆ ಮೈಕು ಸಿಕ್ಕಿಸಿಕೊಂಡು, ಯಾವ ರಾಶಿಗೆ ಕಂಟಕ, ಯಾವ ರಾಶಿಗೆ ಗಂಡಾಂತರ ಎಂದು ಹಂಚುತ್ತಿದ್ದ. ಕೆಂಪು ದಾರಗಳ ಒಂದು ಬುಟ್ಟಿ ಜನರ ನಡುವೆ ತಿರುಗುತ್ತಿತ್ತು. ದೀಪಾವಳಿ ಮುಗಿಯುವವರೆಗೆ ಗರ್ಭಿಣಿಯರು ಹೊಸಿಲು ದಾಟಬಾರದು, ಕಿಟಕಿಗೆ ಬಟ್ಟೆ ಕಟ್ಟಬೇಕು ಎಂದು ಅವನು ಹೇಳಿದಾಗ ಬಸವಂತರಾಯರು ಎದ್ದು ನಿಂತರು. ಜಗದೇವ ಓಡಿ ಬಂದು ಅವರ ಕೈ ಹಿಡಿದ. ಅವರು ಬಿಡಿಸಿಕೊಂಡರು.

"ಈ ಫ್ಲೆಕ್ಸಿನ್ಯಾಗ ಇರೋ ಮನಷ್ಯಾ ನಾನ. ಧೂಮಕೇತು ಹಗಲಾಗ ಕಾಣ್ತದಂತ ಹೇಳಿದಾಂವ ನಾನ. ಅದು ತಪ್ಪು. ಅದು ಒಡ್ಯಾಕತ್ತದ. ಸೂರ್ಯನ ಹತ್ರ ಹೋಗಾದ್ರಾಗ ಉಳಿಯಂಗಿಲ್ಲ. ಅದಕ್ಕ ಅಂಜೂದು ಬ್ಯಾಡ, ಕಾಯೂದೂ ಬ್ಯಾಡ. ಮನೀಗೆ ಹೋಗ್ರಿ."

ಜ್ಯೋತಿಷಿ ಸ್ವಲ್ಪವೂ ಅಲುಗಲಿಲ್ಲ. ಕೈ ಮುಗಿದು, ನಗುತ್ತಾ ಕೇಳಿದ.

"ಬಹಳ ಸಂತೋಷ ಸರ್. ಒಂದೇ ಪ್ರಶ್ನೆ. ಅದು ಯಾವತ್ತಿನಿಂದ ಕ್ಷೀಣಿಸ್ತಾ ಇದೆ?"

ಬಸವಂತರಾಯರು ಪ್ರಾಮಾಣಿಕವಾಗಿ ಉತ್ತರಿಸಿದರು. "ದಸರಾದ ಸುಮಾರಿಂದ."

"ಕೇಳಿದ್ರಾ? ನಾವು ಶಾಂತಿಯ ಸಂಕಲ್ಪ ಮಾಡಿದ್ದು ದಸರೆಯ ದಿನ. ವಿಜ್ಞಾನಿಗಳೇ ಬಂದು ಒಪ್ಪಿಕೊಂಡ್ರು. ಆದ್ರೆ ಎಚ್ಚರ, ಗಾಯಗೊಂಡ ಕೇತು ಇನ್ನೂ ಕ್ರೂರ. ನಿಯಮ ಯಾರೂ ಸಡಿಲ ಮಾಡಬಾರದು."

ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅದರಲ್ಲಿ ಅರ್ಧ ತಮಗೇ ಎಂದು ಬಸವಂತರಾಯರಿಗೆ ತಿಳಿಯಲು ಕ್ಷಣ ಹಿಡಿಯಿತು. ಒಬ್ಬ ಮುದುಕ ಬಗ್ಗಿ ಅವರ ಕಾಲು ಮುಟ್ಟಿದ. ಬುಟ್ಟಿ ಎರಡನೆಯ ಸುತ್ತು ಹೊರಟಿತು.

ಅವರು ಹಿತ್ತಲ ಬಾಗಿಲಿಂದ ಅಡುಗೆಮನೆಗೆ ಹೋದರು. ಅಲ್ಲಿ ಮಾಣಿಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಘತ್ತರಗಿಯ ಹೆಂಗಸು, ಐವತ್ತರ ಆಸುಪಾಸು, ವಾರದಲ್ಲಿ ಐದು ದಿನ ಲಾಡ್ಜಿನ ಅಡುಗೆಗೆ ಬರುವವಳು. ಅವಳು ಅವರಿಗೆ ನೀರು ಕೊಟ್ಟು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ಕೇಳಿದಳು.

"ಅದು ಖರೇನ ಒಡೀತದೇನ್ರಿ ಸಾಹೇಬ್ರ?"

"ಒಡೀತದ."

"ಯಾವಾಗ್ರಿ?"

"ಸೋಮವಾರದೊಳಗ."

ಅವಳಿಗೆ ಇದು ಕುತೂಹಲದ ಮಾತಾಗಿರಲಿಲ್ಲ. ಮಗಳು ಶಿವಗಂಗಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು, ಎಂಟು ತಿಂಗಳು ತುಂಬಿತ್ತು. ಜ್ಯೋತಿಷಿ ಟೀವಿಯಲ್ಲಿ ಹೇಳಿದಂದಿನಿಂದ ಅವಳನ್ನು ಒಳಗಿನ ಕೋಣೆಯಲ್ಲಿ ಕೂಡಿಸಿ ಕಿಟಕಿಗೆ ಕೌದಿ ಕಟ್ಟಿದ್ದರು. ತಾಯಿ ತಾನೂ ಒಪ್ಪತ್ತು ಹಿಡಿದಿದ್ದಳು. ಅಫಜಲಪುರದ ಆಸ್ಪತ್ರೆಗೆ ತೋರಿಸುವ ದಿನ ದಾಟಿಹೋಗಿತ್ತು. ಮಗಳ ಕಾಲು ಊದಿಕೊಂಡಿದ್ದವು, ತಲೆನೋವು ಅನ್ನುತ್ತಿದ್ದಳು.

"ಕಾಲು ಊದ್ಯಾವ, ತಲಿ ನೋಯ್ತದ ಅಂತೀ. ನಾಳೆನ ದವಾಖಾನಿಗೆ ಒಯ್ಯಿ ತಾಯಿ," ಎಂದರು ಸಾಹೇಬರು.

"ದೀಪಾವಳಿ ಆದ ಮ್ಯಾಲ ಒಯ್ತೇನ್ರಿ."

ಬಸವಂತರಾಯರು ಅವಳಿಗೆ ಧೂಮಕೇತು ಎಷ್ಟು ಕೋಟಿ ಮೈಲಿ ದೂರದಲ್ಲಿದೆ ಎಂದು ಹೇಳಿದರು. ಅದರ ದಾರಿ ಭೂಮಿಯ ಕಡೆಗೆ ಇಲ್ಲವೇ ಇಲ್ಲ ಎಂದು ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಮಾಣಿಕಮ್ಮ ಗೌರವದಿಂದ ನೋಡಿ, ಆ ಹಿಟ್ಟನ್ನು ಒಟ್ಟುಮಾಡಿ ಮುಂದಿನ ರೊಟ್ಟಿಗೆ ನಾದಿಕೊಂಡಳು.

"ನೀವು ತಿಳದವ್ರು. ಆದ್ರ ಒಂದ ಕೂಸಿನ ಮಾತ ಅದರಿ. ಅದು ಒಡದ ಹೋತಂದ್ರ ನನಗ ಹೇಳ್ರಿ. ಆವಾಗ ಒಯ್ತೇನಿ."

ಅವರು ಅವಳ ನಂಬರು ತೆಗೆದುಕೊಂಡು, ತಮ್ಮದನ್ನು ಕೊಟ್ಟು ಮರಳಿದರು. ಬಸ್ಸಿನಲ್ಲಿ ಉದ್ದಕ್ಕೂ ಜ್ಯೋತಿಷಿಯನ್ನು ಬೈದುಕೊಂಡರು. ನೆಲೋಗಿ ದಾಟುವ ಹೊತ್ತಿಗೆ ಬೈಗುಳ ತೀರಿ, ಆ ಎಂಟು ದಿನ ನೆನಪಾಯಿತು.

ಶನಿವಾರ, ರವಿವಾರ ಧೂಮಕೇತು ಉಪಗ್ರಹದ ಚಿತ್ರಗಳೊಳಗೆ ಬಂತು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬರು ಸ್ಟುಡಿಯೊದಲ್ಲಿದ್ದರು. ಲೆಕ್ಕದಂತೆ ಅದು ಸತ್ತಿರಬೇಕಿತ್ತು, ಸಾಯುತ್ತಲಾದರೂ ಇರಬೇಕಿತ್ತು. ಆದರೆ ಪರದೆಯ ಮೇಲೆ, ಸೂರ್ಯನ ತಟ್ಟೆಯ ಕಡೆ ಬಾಣದಂತೆ ಹೊರಟಿದ್ದ ಒಂದು ಬಿಳಿ ಗೆರೆ ಕಂಡಿತು. ಮುಂದೆ ತಲೆ, ಹಿಂದೆ ಬಾಲ. ನಿನ್ನೆಗಿಂತ ಹೊಳಪು ಹೆಚ್ಚು.

ಅಜರುದ್ದೀನ ಕುರ್ಚಿ ಎಳೆದುಕೊಂಡು ಕೂತ. "ಸಾಹೇಬ್ರ, ಇದು ಸಾಯೂ ಮುಖ ಅಲ್ಲ. ನಿಮ್ಮ ಮೊದಲಿನ ಮಾತ ಖರೆ ಆಗ್ತದ ನೋಡ್ರಿ."

ಬಸವಂತರಾಯರು ಮುಂದಿನ ಚಿತ್ರ ತೆರೆದರು. ಗುರುವಾರ ಇನ್ನೂರು ಜನರ ಮುಂದೆ ತಪ್ಪೊಪ್ಪಿಕೊಂಡದ್ದೇ ತಪ್ಪಾಯಿತೇ ಎಂದು ಅಳುಕು. ಅದರ ಕೆಳಗೆ, ಒಪ್ಪಿಕೊಳ್ಳಲು ನಾಚಿಕೆಯಾಗುವಂಥ ಒಂದು ಖುಷಿ. ಅವರು ಅಳೆಯುತ್ತಾ ಹೋದರು. ಹೊಳಪಿನ ಅಂಕಿ ಇಳಿಯುತ್ತಲೇ ಇತ್ತು, ಎಂದರೆ ಹೊಳಪು ಏರುತ್ತಲೇ ಇತ್ತು.

ಹತ್ತೂಕಾಲಿಗೆ ಫೋನು ಬಂತು. ಮಾಣಿಕಮ್ಮ. ಅಂದು ಅವಳು ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದಳು.

"ಸಾಹೇಬ್ರ, ಮುಂಜಾನಿಂದ ಶಿವಗಂಗಾ ವಾಂತಿ ಮಾಡಾಕತ್ತಾಳ. ತಲಿ ಸಿಡ್ಯಾಕತ್ತದ ಅಂತಾಳ. ಕಣ್ಣ ಮುಂದ ಎರಡೆರಡ ಕಾಣಾಕತ್ತದಂತ. ಟೀವಿ ಗುರುಗಳಿಗೆ ಫೋನ್ ಹಚ್ಚಿಸಿದ್ದೆ. ಇವತ್ತ ಎಲ್ಲಕ್ಕಿಂತ ಕೆಟ್ಟ ದಿನ, ಸಂಜೀತನ ಹೊರಗ ತರಬ್ಯಾಡ ಅಂದ್ರು. ನೀವು ಹೇಳ್ರಿ. ಅದು ಒಡದದೇನ್ರಿ?"

ಬಸವಂತರಾಯರು ಪರದೆ ನೋಡಿದರು. ಅದು ಒಡೆದಿರಲಿಲ್ಲ. ಇಡೀ ತಿಂಗಳಲ್ಲಿ ಅಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ.

ಒಂದು ಗುಂಟೆಯ ಕಾಲು ಭಾಗಕ್ಕೆ ಮಂತ್ರಿಗಳ ಶಿಫಾರಸು ತಂದವರನ್ನು ಅವರು ಬಾಗಿಲಿಂದ ಹೊರಗೆ ಅಟ್ಟಿದ್ದರು. ಇದ್ದದ್ದನ್ನು ಇದ್ದಂತೆ ಬರೆಯದ ಕೈ ಕತ್ತರಿಸಬೇಕು ಎಂದು ಕಿರಿಯ ಸರ್ವೇಯರುಗಳಿಗೆ ಉಪದೇಶ ಮಾಡಿದ್ದರು. ಒಡೆದಿಲ್ಲ, ಆದರೂ ಒಯ್ಯಿ ಎಂದರೆ ಅವಳು ಒಯ್ಯುವುದಿಲ್ಲ. ಹಿಟ್ಟಿನ ಮೇಲೆ ಎಳೆದ ಗೆರೆಯ ಗತಿ ಏನಾಯಿತೆಂದು ಅವರು ನೋಡಿದ್ದರು.

"ಒಡದದ," ಎಂದರು. "ಮುಂಜಾನೆನ ಒಡದು ಪುಡಿ ಆಗ್ಯದ. ನನ್ನ ಕಣ್ಣಾರೆ ನೋಡೇನಿ. ಈಗಿಂದೀಗ ನೂರಾಎಂಟಕ್ಕ ಫೋನ್ ಮಾಡು, ಅಫಜಲಪುರಕ್ಕ ಒಯ್ಯಿ. ನಾನೂ ಬರ್ತೇನಿ."

"ಆಣಿ ಮಾಡ್ತೀರೇನ್ರಿ?"

"ಮಾಡ್ತೇನಿ."

ಫೋನು ಇಟ್ಟಾಗ ಅಜರುದ್ದೀನ ಅವರನ್ನೂ ಪರದೆಯನ್ನೂ ಒಂದರ ಮೇಲೊಂದು ನೋಡುತ್ತಿದ್ದ. ತನ್ನ ಮೋಟರ್‌ಸೈಕಲ್ಲಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ.

"ಸಂಜೀಕ ಅದು ಸೂರ್ಯನ ಬಾಜೂಕ ಹಾಯ್ತದ ಸಾಹೇಬ್ರ. ತಿಂಗಳಗಟ್ಲೆ ಕಾದೀರಿ."

"ಚಿತ್ರ ಎಲ್ಲಿ ಹೋಗ್ತಾವ. ನೀ ನೋಡ್ತಿರು."

ಅರವತ್ತೈದರ ವಯಸ್ಸಿನಲ್ಲಿ ಆ ರಸ್ತೆಯ ತಗ್ಗುಗಳ ಮೇಲೆ ಮೋಟರ್‌ಸೈಕಲ್ ಓಡಿಸುವುದು ಸುಖದ ಕೆಲಸವಲ್ಲ. ಎರಡೂ ಕಡೆ ತೊಗರಿ ಎದೆಯೆತ್ತರ ಬೆಳೆದು ಹಳದಿ ಹೂ ಬಿಟ್ಟಿತ್ತು. ಅವರು ಅಫಜಲಪುರದ ತಾಲ್ಲೂಕು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಶಿವಗಂಗಾಳನ್ನು ಒಳಗೆ ಒಯ್ದಿದ್ದರು. ಡಾಕ್ಟರಮ್ಮ ಹೊರಗೆ ಬಂದು, ರಕ್ತದೊತ್ತಡ ವಿಪರೀತ ಏರಿದೆ, ಫಿಟ್ಸ್ ಬರುವುದಿತ್ತು, ಇಂಜೆಕ್ಷನ್ ಕೊಟ್ಟಿದ್ದೇವೆ ಎಂದರು. ಸಂಜೆಯವರೆಗೆ ಬಿಟ್ಟಿದ್ದರೆ ಎಂದು ಶುರುಮಾಡಿ, ಮಾಣಿಕಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮೂರು ಗಂಟೆಯ ಸುಮಾರಿಗೆ, ಓಣಿಯಂಥ ವರಾಂಡದ ಬೆಂಚಿನ ಮೇಲೆ ಕೂತಿದ್ದಾಗ ಅಜರುದ್ದೀನನ ಫೋನು ಬಂತು.

"ತಲಿ ಹೋತ್ರಿ ಸಾಹೇಬ್ರ. ಸೂರ್ಯನ ತಟ್ಟಿ ಹತ್ರ ಬಂದಿತ್ತು. ಬರೇ ಗೆರಿ ಉಳದದ, ಅದೂ ತೆಳ್ಳಗ ಆಗಾಕತ್ತದ." ಆಮೇಲೆ, "ನೀವು ಲೆಕ್ಕ ಹಾಕಿದ್ದ ಖರೆ ಆತು," ಎಂದ. ಮದುವೆಮನೆಯಲ್ಲಿ ಕರೆಂಟು ಹೋದಾಗ ಮಾತಾಡುವಂಥ ದನಿ.

ಬಸವಂತರಾಯರಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಷ್ಟು ದೂರ ಬಂದು, ಇನ್ನೊಂದೆರಡು ತಾಸಿನ ದಾರಿ ಉಳಿದಾಗ ಪುಡಿಯಾದ ಆ ಹಿಮದ ಹೆಂಟೆಯ ಮೇಲೆ ಅವರಿಗೆ ಸಿಟ್ಟು ಬಂತು. ತಿಂಗಳು ಪೂರ್ತಿ ಅದಕ್ಕಾಗಿ ಊರನ್ನೆಲ್ಲ ನಂಬಿಸಿ, ಆಮೇಲೆ ಊರನ್ನೆಲ್ಲ ಬೈದಿದ್ದರು. ಕೊನೆಗೆ ಅದು ಹೋಗುವಾಗ ಅವರು ಫಿನಾಯಿಲ್ ವಾಸನೆಯಲ್ಲಿ ಕೂತಿದ್ದರು.

ಮರುದಿನ ಬೆಳಿಗ್ಗೆ ಆಪರೇಷನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಎರಡು ಕಿಲೋಕ್ಕೆ ಸ್ವಲ್ಪ ಕಡಿಮೆ. ತಾಯಿಗೆ ಎರಡು ದಿನ ಕಣ್ಣು ಮಂಜಾಗಿಯೇ ಇತ್ತು, ಆಮೇಲೆ ಸರಿಹೋಯಿತು.

ಗಾಣಗಾಪುರದ ಲಾಡ್ಜಿನಲ್ಲಿ ಅದೇ ದಿನ ವಿಜಯೋತ್ಸವ. ಶಾಂತಿಯ ಪ್ರಭಾವಕ್ಕೆ ಧೂಮಕೇತು ಭಸ್ಮವಾಯಿತು ಎಂದು ಜ್ಯೋತಿಷಿ ಸಾರಿದ. ದಾರ ಕೊಂಡವರು ತಾವೇ ಅದನ್ನು ಸುಟ್ಟವರಂತೆ ಊರಿಗೆ ಮರಳಿದರು. ನೋಡಲು ಬಂದು ಏನೂ ನೋಡದೆ ಹೋದೆವು ಎಂದು ಒಬ್ಬನೂ ತಕರಾರು ಮಾಡಲಿಲ್ಲ. ಜಗದೇವ ಭಾವನಿಗೆ ಜರಿಯಂಚಿನ ಶಾಲೊಂದನ್ನು ಕಳಿಸಿಕೊಟ್ಟ. ಜೊತೆಗೊಂದು ಚೀಟಿ, ‘ಮಾಮಾ, ನೀವು ಸರಿಯಾದ ಹೊತ್ತಿಗೆ ಬಂದು ಹೇಳಿದ್ದು ಬಹಳ ಅನುಕೂಲ ಆತು’. ಬಸವಂತರಾಯರು ಅದನ್ನು ತಂದ ಕಂಡಕ್ಟರನ ಕೈಯಲ್ಲೇ ವಾಪಸು ಕೊಟ್ಟರು. ಕಂಡಕ್ಟರ್ ದಾರಿಯಲ್ಲಿ ಅದನ್ನು ತಾನೇ ಇಟ್ಟುಕೊಂಡನೆಂದು ಆಮೇಲೆ ತಿಳಿಯಿತು. ಈ ಇಡೀ ವ್ಯವಹಾರದಲ್ಲಿ ಸಾಹೇಬರಿಗೆ ತಕ್ಕಮಟ್ಟಿಗೆ ನ್ಯಾಯ ಎನ್ನಿಸಿದ್ದು ಅದೊಂದೇ.

ದೀಪಾವಳಿಯ ಮೂರು ದಿನ ಅವರು ಸ್ಟುಡಿಯೊದಲ್ಲಿ ಕೂತು ಉಳಿದ ಚಿತ್ರಗಳನ್ನೆಲ್ಲ ಅಳೆದರು. ಯಾವ ನಿಮಿಷಕ್ಕೆ ತಲೆ ಎಲ್ಲಿತ್ತು, ಹೊಳಪು ಎಷ್ಟಿತ್ತು, ಯಾವ ಚಿತ್ರದಿಂದ ಮುಂದೆ ತಲೆ ಕಾಣಲಿಲ್ಲ, ಎಲ್ಲವನ್ನೂ ಪಟ್ಟಿ ಮಾಡಿ, ಹೀಗೆ ಅಳೆಯುವವರೆಲ್ಲ ಕಳಿಸುವ ಕಡೆಗೆ ಕಳಿಸಿದರು. ಅದರಲ್ಲಿ ಸೋಮವಾರ ಹತ್ತೂಕಾಲರ ಸಾಲು ಇತ್ತು. ‘ತಲೆ ಸ್ಪಷ್ಟ, ಹೊಳಪು ಏರುತ್ತಿದೆ’ ಎಂದು ಬರೆದರು. ಧನ್ಯವಾದ ಎಂದು ಒಂದು ಸಾಲಿನ ಉತ್ತರ ಬಂತು.

ನವೆಂಬರ್ ಕೊನೆಗೆ ಮಾಣಿಕಮ್ಮ ಜೇವರ್ಗಿಗೆ ಬಂದಳು, ಒಂದು ಡಬ್ಬಿ ಕರದಂಟು ಹಿಡಿದು. ಗೌರಾಬಾಯಿಯ ಕೈಗೆ ಅದನ್ನು ಕೊಟ್ಟು, ಆ ಧೂಮಕೇತು ಒಂದು ಸಲ ನೋಡಬೇಕು ಎಂದಳು. ಸಾಹೇಬರು ಅವಳನ್ನು ಸ್ಟುಡಿಯೊಕ್ಕೆ ಕರೆದೊಯ್ದರು. ಅಜರುದ್ದೀನ ಸೋಮವಾರದ ಚಿತ್ರಗಳನ್ನು ಒಂದೊಂದಾಗಿ ತೋರಿಸಿದ. ಅವಳು ಮದುಮಕ್ಕಳ ಕುರ್ಚಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನ್ರಿ? ಈ ಸುಣ್ಣದ ಗೆರಿ?"

"ಅದ."

"ಈ ಬೆರಳಷ್ಟ ಗೆರೀಗೆ ನಾ ಒಪ್ಪತ್ತ ಹಿಡದಿದ್ದೆ. ನನ್ನ ಮಗಳನ್ನ ಕತ್ತಲಕೋಣ್ಯಾಗ ಹಾಕಿದ್ದೆ." ಅವಳು ಮೂಗಿನಲ್ಲೇ ನಕ್ಕಳು. ಬಸವಂತರಾಯರು ಜೀವಮಾನದಲ್ಲಿ ಮಾಡಿದ ಹೀಯಾಳಿಕೆಯೆಲ್ಲ ಆ ನಗುವಿನ ಮುಂದೆ ಸಣ್ಣದಾಯಿತು.

ಚಿತ್ರದ ಮೂಲೆಯಲ್ಲಿ ವೇಳೆ ಬರೆದಿರುತ್ತದೆ. ಅವಳು ಓದು ಬಲ್ಲವಳಲ್ಲ. ಆದರೂ ಬಸವಂತರಾಯರು ಸುಮ್ಮನಿರಲಾರದೆ ಹೇಳಿದರು.

"ನೀ ಫೋನ್ ಮಾಡಿದಾಗ ಅದು ಒಡದಿದ್ದಿಲ್ಲ. ಮಧ್ಯಾಹ್ನ ಒಡೀತು. ನಾ ಸುಳ್ಳ ಹೇಳಿದ್ದೆ."

ಮಾಣಿಕಮ್ಮ ಪರದೆಯಿಂದ ಅವರ ಕಡೆ ತಿರುಗಿದಳು.

"ಆವಾಗ ಖರೆ ಹೇಳಿದ್ರ ನಿಮ್ಮ ಖರೇಕ ಬೆಂಕಿ ಹಚ್ಚತಿದ್ದೆ," ಎಂದಳು. "ಅದು ಹೋಗ್ಲಿ. ಮೊದಲ ಯಾಕ ದೊಡ್ಡದ ಬರ್ತದಂತ ಹೇಳಿದ್ರಿ? ಆ ಗುರುಗಳಿಗರ ದಾರ ಮಾರೂದಿತ್ತು. ನಿಮಗೇನಿತ್ರಿ?"

ಅಜರುದ್ದೀನ ಕ್ಯಾಮೆರಾದ ಗಾಜು ಒರೆಸುವ ಕೆಲಸ ಹಿಡಿದ. ಬಸವಂತರಾಯರು ಉತ್ತರ ಹುಡುಕಿದರು; ಎರಡು ರಾತ್ರಿಯ ಅಂಕಿ, ಬಳಗದ ಹಳೆಯ ಧೂಮಕೇತುಗಳು, ಅಂಚುಪಟ್ಟಿ, ಎಲ್ಲವೂ ಬಾಯಿಯವರೆಗೆ ಬಂದು ಹಿಂದಕ್ಕೆ ಹೋದವು.

"ಆಸಿ ಇತ್ತು," ಎಂದರು.

"ಹೂಂ," ಎಂದಳು ಮಾಣಿಕಮ್ಮ. ಮೊಮ್ಮಗಳ ತೂಕ ಮೂರು ಕಿಲೋಕ್ಕೆ ಬಂತೆಂದು ಅಜರುದ್ದೀನನಿಗೆ ತಿಳಿಸಿ, ಜವಳ ತೆಗೆಸಿದ ಮೇಲೆ ಒಂದು ಫೋಟೊ ತೆಗೆಸಬೇಕು, ಮುಖ ಮಾತ್ರ ಇದ್ದ ಬಣ್ಣದಾಗೇ ಇರಲಿ ಎಂದಳು. ನಾಲ್ಕರ ಅಫಜಲಪುರ ಬಸ್ಸಿಗೆ ಹೊತ್ತಾಗಿತ್ತು. ಸಾಹೇಬರು ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದು, ಕಿಟಕಿಯ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್ಸು ಹೊರಡುವ ತನಕ ಬಿಸಿಲಲ್ಲೇ ನಿಂತಿದ್ದರು.